ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸೂಜಿ

ಮದುವೆ ಸೀಸನ್ ಹತ್ತಿರ ಬಂತು ಅಂದರೆ ನಮ್ಮ ಅಂಗಡಿಗೆ ಬರುವ ಪ್ರಶ್ನೆಗಳೇ ಬೇರೆ. ಡೊಂಬಿವಲಿ ಪೂರ್ವದಲ್ಲಿ ನಾನು ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಬಿಪಿ ಮಾತ್ರೆ, ಶುಗರ್ ಸ್ಟ್ರಿಪ್, ಕೆಮ್ಮಿನ ಸಿರಪ್ ಬೇಕಾದವರು ಕೌಂಟರ್ ಮುಂದೆ ನಿಂತು ಜೋರಾಗಿಯೇ ಕೇಳುತ್ತಾರೆ. ಮುಖಕ್ಕೆ ಚುಚ್ಚುವ ಔಷಧಿ ಬಗ್ಗೆ ಕೇಳುವವರು ಮಾತ್ರ ಬೇರೆ ಗಿರಾಕಿ ಹೋಗುವವರೆಗೆ ಕಾಯುತ್ತಾರೆ. ಫೋನ್‌ನಲ್ಲಿ ಒಂದು ರೀಲ್ ತೆಗೆದು ಮೆಲ್ಲಗೆ ತೋರಿಸುತ್ತಾರೆ. ಕನ್ನಡದವರಾದರೆ ದನಿ ಇನ್ನೂ ತಗ್ಗುತ್ತದೆ. ನಾಳೆ ಸಂಘದ ಕಾರ್ಯಕ್ರಮದಲ್ಲಿ ಮತ್ತೆ ಮುಖ ನೋಡಬೇಕಾದವರು ಅಲ್ವಾ? "ಅಕ್ಕಾ, ಇದು ಒಳ್ಳೆಯದಾ? ಮನೇಲಿ ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ."

ನನಗೆ ಭಯ ಹುಟ್ಟಿಸುವುದು ಆ ಕೊನೆಯ ಮಾತು. ಮುಖದ ಚರ್ಮಕ್ಕೆ ಕೊಡುವ ಹೊಸ ಚುಚ್ಚುಮದ್ದುಗಳಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಕಲಿತವರ ಕೈಯಲ್ಲಿ ಅವುಗಳಿಂದ ದೊಡ್ಡ ತೊಂದರೆ ಆಗುವುದು ಅಪರೂಪ. ಆದರೆ ಗುಟ್ಟಾಗಿ ಮಾಡಿಸಿಕೊಳ್ಳುವವರು ಪ್ರಶ್ನೆ ಕೇಳುವುದಿಲ್ಲ, ಬಿಲ್ ಕೇಳುವುದಿಲ್ಲ, ಜೊತೆಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಏನಾದರೂ ಎಡವಟ್ಟಾದರೆ ಡಾಕ್ಟರ ಹತ್ತಿರ ಓಡುವುದೂ ಇಲ್ಲ. ನಾನು ನೋಡಿದ ತೊಂದರೆಗಳು ಇಷ್ಟು ದೊಡ್ಡದಾಗಿ ಬೆಳೆದದ್ದು ಇದರಿಂದಲೇ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಮುಖ ಚೆನ್ನಾಗಿ ಕಾಣಬೇಕು ಅನ್ನುವುದು ನಾಚಿಕೆಪಡುವ ಆಸೆಯಲ್ಲ. ಇವತ್ತು ಚರ್ಮದ ಕ್ಲಿನಿಕ್‌ಗಳಲ್ಲಿ ಸಿಗುವ ಒಂದು ಚುಚ್ಚುಮದ್ದಿನ ಕಥೆ ನೋಡಿ. ಪಾಲಿ ಎಲ್ ಲ್ಯಾಕ್ಟಿಕ್ ಆಸಿಡ್ ಅಂತ ಒಂದಿದೆ. ಕರಗುವ ಹೊಲಿಗೆ ದಾರದ ಬಳಗಕ್ಕೇ ಸೇರಿದ ವಸ್ತು. ಮಾರುವ ಹೆಸರು ಸ್ಕಲ್ಪ್‌ಟ್ರಾ. 2004ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ, ಅದಕ್ಕೆ ಮೊದಲು ಒಪ್ಪಿಗೆ ಕೊಟ್ಟದ್ದು ಎಚ್‌ಐವಿ ಇದ್ದವರಿಗಾಗಿ. ಆ ಕಾಲದ ಔಷಧಿಗಳಿಂದ ಅವರ ಜೀವ ಉಳಿಯುತ್ತಿತ್ತು, ಆದರೆ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು. ರಸ್ತೆಯಲ್ಲಿ ನಡೆದರೆ ಸಾಕು, ಕಾಯಿಲೆ ಏನು ಅಂತ ಜನರಿಗೆ ಗೊತ್ತಾಗುತ್ತಿತ್ತು. ಕೆನ್ನೆ ತುಂಬಿಕೊಂಡಾಗ ಅವರು ಮತ್ತೆ ಕೆಲಸಕ್ಕೆ, ಮದುವೆ ಮನೆಗೆ, ಮಾರ್ಕೆಟ್‌ಗೆ ತಲೆಯೆತ್ತಿ ಹೋಗುವಂತಾಯಿತು. ಬರೀ ಸುಕ್ಕಿಗಾಗಿ ಅದೇ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಈ ಕಥೆ ಗೊತ್ತಿದ್ದವರು ಮುಖದ ಚಿಂತೆಯನ್ನು ಸುಮ್ನೆ ಶೋಕಿ ಅಂತ ತಳ್ಳಿಹಾಕಲಾರರು. ಐವತ್ತು ದಾಟಿದ ಹೆಂಗಸು ಕನ್ನಡಿ ನೋಡಿ "ನಾನು ಯಾವಾಗಲೂ ದಣಿದವಳ ಹಾಗೆ ಕಾಣ್ತೀನಿ" ಅಂದರೆ ನಾನು ಅವಳ ಮಾತನ್ನು ಕೇಳಿಸಿಕೊಳ್ಳುತ್ತೇನೆ.

ಈಗ ಜಾಸ್ತಿ ಕೇಳಿಬರುವ ಹೆಸರು ಸ್ಕಿನ್ ಬೂಸ್ಟರ್. ಇದರಲ್ಲಿ ಮುಖ್ಯವಾಗಿ ಇರುವುದು ಹೈಲುರಾನಿಕ್ ಆಸಿಡ್. ಆಸಿಡ್ ಅಂದ ಕೂಡಲೇ ಹೆದರುವವರಿದ್ದಾರೆ, ಆದರೆ ಇದು ನಮ್ಮ ಮೈಯಲ್ಲೇ ಇರುವ ವಸ್ತು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಚರ್ಮದಲ್ಲೇ ಇದೆ. 1934ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನ ಒಳಗಿನ ಲೋಳೆಯಿಂದ ಬೇರ್ಪಡಿಸಿದರು. ನೀರನ್ನು ಹಿಡಿದಿಡುವುದು ಇದರ ಗುಣ. ವಯಸ್ಸಾದಂತೆ ಚರ್ಮದಲ್ಲಿ ಇದು ಕಡಿಮೆಯಾಗುತ್ತದೆ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನುವ ಪ್ರೋಟೀನ್ ಕೂಡ ಕಡಿಮೆಯಾಗುತ್ತದೆ, ಚರ್ಮ ಒಣಗಿದ ಹಾಗೆ ಕಾಣುತ್ತದೆ.

ಫಿಲ್ಲರ್‌ನಲ್ಲೂ ಇದೇ ಹೈಲುರಾನಿಕ್ ಆಸಿಡ್ ಇರುತ್ತದೆ. ರೆಸ್ಟಿಲೇನ್ ಅನ್ನುವ ಫಿಲ್ಲರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರ ಕೊನೆಯಲ್ಲಿ. ಫಿಲ್ಲರ್‌ನಲ್ಲಿ ಅದರ ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಜೋಡಿಸಿರುತ್ತಾರೆ. ಹಾಗಾಗಿ ಅದು ಗಟ್ಟಿ ಜೆಲ್ ಆಗಿ ಒಂದು ಕಡೆ ನಿಲ್ಲುತ್ತದೆ, ಗುಳಿಬಿದ್ದ ಜಾಗ ತುಂಬುತ್ತದೆ. ಬೂಸ್ಟರ್‌ನಲ್ಲಿ ಈ ಜೋಡಣೆ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಅದು ತೆಳು. ಚರ್ಮದೊಳಗೆ ಹರಡಿ ತೇವ ಹಿಡಿಯುತ್ತದೆ. ಮುಖದ ಆಕಾರ ಬದಲಿಸುವುದು ಅದರ ಕೆಲಸವಲ್ಲ. ಪ್ರೊಫೈಲೋ ಅನ್ನುವ ಬೂಸ್ಟರನ್ನು ಸಾಮಾನ್ಯವಾಗಿ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಸ್ಕಿನ್‌ವೈವ್ ಅನ್ನುವ ಇನ್ನೊಂದಕ್ಕೆ 2023ರ ಮೇ ತಿಂಗಳಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಅದೂ ಕೆನ್ನೆಯ ಚರ್ಮ ನಯವಾಗಿಸಲು, 21 ದಾಟಿದವರಿಗೆ ಮಾತ್ರ. ಪರಿಣಾಮ ಸುಮಾರು ಆರು ತಿಂಗಳು. ಆಮೇಲೆ ಮತ್ತೆ ದುಡ್ಡು, ಮತ್ತೆ ಸೂಜಿ.

ಆ ಆರು ತಿಂಗಳ ಲೆಕ್ಕವನ್ನು ರೀಲ್‌ಗಳಲ್ಲಿ ಯಾರೂ ಹೇಳುವುದಿಲ್ಲ. ಚರ್ಮ ಸ್ವಲ್ಪ ತೇವವಾಗಿ, ಸಣ್ಣ ಗೆರೆಗಳು ಸ್ವಲ್ಪ ಮಾಸಿದಂತೆ, ಮೇಕಪ್ ಸಮನಾಗಿ ಕೂರುವಂತೆ ಕಾಣಬಹುದು. ಅಷ್ಟೇ. ಜೋತುಬಿದ್ದ ಗಲ್ಲ ಮೇಲೇಳುವುದಿಲ್ಲ. ಹಣೆಯ ಆಳವಾದ ಗೆರೆ ಹೋಗುವುದಿಲ್ಲ. ಆ ಗೆರೆಗೆ ಬೊಟಾಕ್ಸ್ ಬೇರೆ. ಅದು ಚರ್ಮದ ಔಷಧಿಯೇ ಅಲ್ಲ. ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ಮೂರು ನಾಲ್ಕು ತಿಂಗಳು ತಡೆದು ಸ್ನಾಯುವನ್ನು ಸಡಿಲ ಮಾಡುತ್ತದೆ. ಮೊದಲು ಮೆಳ್ಳೆಗಣ್ಣಿಗೆ ಬಳಸುತ್ತಿದ್ದರು, ಹುಬ್ಬಿನ ನಡುವಿನ ಗೆರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಇನ್ನೊಂದು ಹೊಸದು ಕೊರಿಯಾದಿಂದ ಬಂದದ್ದು. ಪಾಲಿನ್ಯೂಕ್ಲಿಯೋಟೈಡ್. ಜನರ ಬಾಯಲ್ಲಿ ಅದು "ಸಾಲ್ಮನ್ ಇಂಜೆಕ್ಷನ್". ಸಾಲ್ಮನ್ ಅಥವಾ ಟ್ರೌಟ್ ಮೀನಿನ ವೀರ್ಯದಿಂದ ತೆಗೆದು ಶುದ್ಧ ಮಾಡಿದ ಡಿಎನ್‌ಎ ತುಣುಕುಗಳು. ಇಂಥ ವಸ್ತುವನ್ನು ಗಾಯ ಮಾಯಿಸಲು ಬಳಸಿದ ಹಿನ್ನೆಲೆ ಇದೆ. ಚರ್ಮದ ಮೇಲೆ ನಡೆದ ಅಧ್ಯಯನಗಳಲ್ಲಿ ಒಳ್ಳೆಯ ಸೂಚನೆಗಳಿವೆ, ಆದರೆ ಹೆಚ್ಚಿನವು ಸಣ್ಣವು, ಕೆಲವೇ ತಿಂಗಳು ನಡೆದವು. ಚುಚ್ಚುಮದ್ದಾಗಿ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಮೀನಿನ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ನಮ್ಮಲ್ಲಿ ಇನ್ನೊಂದು ಮಾತೂ ಇದೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹಿರಿಯರೊಬ್ಬರು ಇದನ್ನು ಮಾಡಿಸಿಕೊಳ್ಳಲು ಹೊರಟಿದ್ದರು. ಮೀನಿನದು ಅಂತ ಕ್ಲಿನಿಕ್‌ನಲ್ಲಿ ಯಾರೂ ಹೇಳಿರಲಿಲ್ಲ. ಕೇಳಿದ ಮೇಲೆ ಅವರಿಗೆ ತುಂಬ ನೋವಾಯಿತು. ಮೈಯೊಳಗೆ ಹೋಗುವುದು ಯಾವ ಮೂಲದಿಂದ ಬಂತು ಅಂತ ತಿಳಿಯುವ ಹಕ್ಕು ಎಲ್ಲರಿಗೂ ಇದೆ. ಹೈಲುರಾನಿಕ್ ಆಸಿಡನ್ನು ಹಿಂದೆ ಕೋಳಿಯ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. ಇದನ್ನೂ ಕೇಳಿ ತಿಳಿದುಕೊಳ್ಳಬಹುದು.

ಎಕ್ಸೋಸೋಮ್, ಅಂದರೆ ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳಂಥವು, ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಒಪ್ಪಿಗೆ ಇಲ್ಲ ಅಂತ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ. ಚುಚ್ಚಿಸಿಕೊಳ್ಳಬೇಡಿ.

ಈಗ ಅಪಾಯದ ವಿಷಯ. ಸೂಜಿ ಚುಚ್ಚಿದ ಮೇಲೆ ಊತ, ಕೆಂಪು, ಸಣ್ಣ ಗುಳ್ಳೆ, ನೀಲಿ ಕಲೆ ಸಾಮಾನ್ಯ. ಕೆಲವು ದಿನಗಳಲ್ಲಿ ಇಳಿಯುತ್ತವೆ. ನಮ್ಮ ಕಂದು ಚರ್ಮದಲ್ಲಿ ಮಾತ್ರ ಸಣ್ಣ ಗಾಯವೂ ಕಪ್ಪು ಕಲೆ ಬಿಟ್ಟು ಹೋಗಬಹುದು, ಅದು ಮಾಸಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಮದುವೆಗೆ ನಾಲ್ಕು ದಿನ ಇರುವಾಗ ಹೋಗಿ ಚುಚ್ಚಿಸಿಕೊಳ್ಳುವುದು ಬೇಡವೇ ಬೇಡ. ಬಸುರಿಯರಿಗೆ, ಎದೆಹಾಲು ಕುಡಿಸುವವರಿಗೆ ಇವು ಬೇಡ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಸ್ನಾಯು ದುರ್ಬಲವಾಗುವ ಕಾಯಿಲೆ ಇದ್ದವರು, ತುಟಿಯ ಮೇಲೆ ಪದೇ ಪದೇ ಹರ್ಪಿಸ್ ಗುಳ್ಳೆ ಏಳುವವರು ಡಾಕ್ಟರಿಗೆ ಅದನ್ನು ಹೇಳಲೇಬೇಕು.

ದೊಡ್ಡ ಅಪಾಯ ರಕ್ತನಾಳದ್ದು. ಫಿಲ್ಲರ್ ತಪ್ಪಿ ರಕ್ತನಾಳದ ಒಳಗೆ ಹೋದರೆ, ಅಥವಾ ಹೊರಗಿನಿಂದ ಅದನ್ನು ಒತ್ತಿದರೆ, ಮುಂದಿನ ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಚರ್ಮ ಬಿಳುಚಿಕೊಳ್ಳುತ್ತದೆ. ಆಮೇಲೆ ಬಲೆ ಹಾಸಿದ ಹಾಗೆ ನೇರಳೆ ಬಣ್ಣ. ಜಾಸ್ತಿ ನೋವು. ಕೆಲವೊಮ್ಮೆ ಮರಗಟ್ಟಿಸುವ ಮದ್ದಿನಿಂದ ನೋವು ತಿಳಿಯದೆಯೂ ಹೋಗಬಹುದು. ಹುಬ್ಬಿನ ನಡುವೆ ಮತ್ತು ಮೂಗಿನ ಸುತ್ತ ಇರುವ ರಕ್ತನಾಳಗಳು ಕಣ್ಣಿಗೆ ರಕ್ತ ಒಯ್ಯುವ ನಾಳಕ್ಕೆ ಕೂಡಿಕೊಂಡಿವೆ. ಅಲ್ಲಿ ಚುಚ್ಚಿದ್ದು ಹಿಂದಕ್ಕೆ ಹರಿದರೆ ಕಣ್ಣೇ ಹೋಗಬಹುದು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಅದುವರೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದ ಇಂಥ 98 ಪ್ರಕರಣಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಸುಮಾರು ಅರ್ಧ, ರೋಗಿಯ ಮೈಯಿಂದಲೇ ತೆಗೆದ ಕೊಬ್ಬನ್ನು ಚುಚ್ಚಿದ್ದರಿಂದ ಆದವು. ಜಗತ್ತಿನಲ್ಲಿ ನಡೆಯುವ ಚುಚ್ಚುಮದ್ದುಗಳ ರಾಶಿಯ ಮುಂದೆ ಇದು ಸಣ್ಣ ಸಂಖ್ಯೆ. ಹೋದ ಕಣ್ಣು ಮಾತ್ರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಹೈಲುರಾನಿಕ್ ಆಸಿಡ್‌ನ ಒಂದು ದೊಡ್ಡ ಅನುಕೂಲ ಇಲ್ಲಿದೆ. ಹೈಲುರಾನಿಡೇಸ್ ಅನ್ನುವ ಇನ್ನೊಂದು ಚುಚ್ಚುಮದ್ದು ಅದನ್ನು ಕರಗಿಸುತ್ತದೆ. ಬೇಗ ಕೊಟ್ಟರೆ ಚರ್ಮ ಉಳಿಯುತ್ತದೆ. ಪಾಲಿ ಎಲ್ ಲ್ಯಾಕ್ಟಿಕ್ ಆಸಿಡ್, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಅನ್ನುವ ಇನ್ನೊಂದು ಬಗೆಯ ಫಿಲ್ಲರ್ ಇವುಗಳಿಗೆ ಹಾಗೆ ಕರಗಿಸುವ ಮದ್ದಿಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವ ಮೊದಲ ಪ್ರಶ್ನೆ ಇದು: "ಹೈಲುರಾನಿಡೇಸ್ ನಿಮ್ಮ ಕ್ಲಿನಿಕ್‌ನಲ್ಲಿ ಈಗ ಇದೆಯಾ, ತೋರಿಸ್ತೀರಾ?" ಈ ಪ್ರಶ್ನೆಗೆ ಮುಖ ಸಿಂಡರಿಸುವ ಕಡೆ ಕೂರಬೇಡಿ, ಎದ್ದು ಬನ್ನಿ.

ನನಗೆ ಪರಿಚಯದ ಒಬ್ಬರಿದ್ದಾರೆ. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆಗೆ ಒಂದು ಬ್ಯೂಟಿ ಪಾರ್ಲರ್‌ನ ಒಳಕೋಣೆಯಲ್ಲಿ ಫಿಲ್ಲರ್ ಹಾಕಿಸಿಕೊಂಡರು. ಸಂಜೆಯೇ ನೋವು ಶುರುವಾಯಿತು. ಪಾರ್ಲರ್‌ಗೆ ಫೋನ್ ಮಾಡಿದರೆ "ಐಸ್ ಇಡಿ, ಸರಿಹೋಗುತ್ತೆ" ಅಂದರಂತೆ. ರಕ್ತ ಓಡದ ಜಾಗಕ್ಕೆ ಐಸ್! ಗಂಡನಿಗೆ ಅಲರ್ಜಿ ಅಂದರು. ಅತ್ತೆಗೆ ಹಲ್ಲುನೋವು ಅಂದರು. ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಲೋಕಲ್ ಹತ್ತಿ ಆಫೀಸಿಗೂ ಹೋದರು. ಮೂರನೇ ದಿನ ನನ್ನ ಅಂಗಡಿಗೆ ಬಂದು ಅಲರ್ಜಿಗೆ ಮುಲಾಮು ಕೇಳಿದರು. ದುಪಟ್ಟಾ ಸರಿಸಿದಾಗ ಮೂಗಿನ ಪಕ್ಕ ಚರ್ಮ ಕಪ್ಪಗಾಗಿತ್ತು. ನಾನು ಮುಲಾಮು ಕೊಡಲಿಲ್ಲ. ಅಂಗಡಿಯನ್ನು ಹುಡುಗನಿಗೆ ಬಿಟ್ಟು ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯಲ್ಲೂ ಅವರು ಕೇಳುತ್ತಿದ್ದದ್ದು ಒಂದೇ. "ಅಕ್ಕಾ, ಇವರಿಗೆ ಹೇಳಲೇಬೇಕಾ?"

ಕಣ್ಣು ಉಳಿಯಿತು. ಮೂಗಿನ ಪಕ್ಕ ಗಾಯದ ಗುರುತು ಉಳಿದಿದೆ. ಅವರನ್ನು ನಾನು ದೂರುವುದಿಲ್ಲ. ಮೊದಲ ರಾತ್ರಿಯೇ ಅವರು ಮನೆಯಲ್ಲಿ ಬಾಯಿಬಿಟ್ಟಿದ್ದರೆ ಯಾರಾದರೂ ಅವರನ್ನು ಕರೆದುಕೊಂಡು ಓಡುತ್ತಿದ್ದರು. ಹೇಳಲಾಗದಂಥ ಮನೆ, ಹೇಳಿದರೆ ವರ್ಷಗಟ್ಟಲೆ ಆಡಿಕೊಳ್ಳುವ ನೆಂಟರು, "ಈ ವಯಸ್ಸಲ್ಲಿ ಇವಳಿಗೆ ಇದೆಲ್ಲಾ ಬೇಕಿತ್ತಾ" ಅನ್ನುವ ನಾವು ನೀವೆಲ್ಲ ಆ ಗಾಯದಲ್ಲಿ ಪಾಲುದಾರರು. ನನಗೆ ಸಿಟ್ಟು ಬರುವುದು ಇಲ್ಲೇ. ಗಂಡಸು ತಲೆಗೂದಲು ನಾಟಿ ಮಾಡಿಸಿಕೊಂಡು ಬಂದರೆ ಖರ್ಚು ಎಷ್ಟಾಯಿತು ಅಂತ ವಿಚಾರಿಸುತ್ತಾರೆ. ಹೆಂಗಸು ಮುಖಕ್ಕೆ ಏನಾದರೂ ಮಾಡಿಸಿದರೆ ಅವಳ ಗುಣವನ್ನೇ ಅಳೆಯುತ್ತಾರೆ.

ಔಷಧಿ ಅಂಗಡಿಯವಳಾಗಿ ನನಗೆ ಚೆನ್ನಾಗಿ ಗೊತ್ತಿರುವುದು ಡಬ್ಬಿಯ ಕಡೆಯ ವಿಷಯ. ಸಾಮಾನ್ಯವಾಗಿ ಬೊಟಾಕ್ಸ್ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಮೇ ತಿಂಗಳ ಮುಂಬೈ ಸೆಖೆಯಲ್ಲಿ ಅದು ಯಾರದ್ದೋ ಬ್ಯಾಗಿನಲ್ಲಿ ಬಂದರೆ ಒಳಗಿನದು ಏನಾಗಿದೆ ಅಂತ ನೋಡಿ ಹೇಳಲಾಗುವುದಿಲ್ಲ. 2024ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ 22 ಹೆಂಗಸರು ನಕಲಿ ಅಥವಾ ಸರಿಯಾಗಿ ಬಳಸದ ಬೊಟುಲಿನಮ್, ಅಂದರೆ ಬೊಟಾಕ್ಸ್ ಬಗೆಯ, ಚುಚ್ಚುಮದ್ದಿನಿಂದ ಕಾಯಿಲೆ ಬಿದ್ದರು. ಅವರಲ್ಲಿ 11 ಮಂದಿ ಆಸ್ಪತ್ರೆ ಸೇರಿದರು. ಅವರು ಚುಚ್ಚಿಸಿಕೊಂಡದ್ದು ಲೈಸೆನ್ಸ್ ಇಲ್ಲದವರಿಂದ, ತರಬೇತಿ ಇಲ್ಲದವರಿಂದ, ಇಲ್ಲವೇ ಮನೆ ಮತ್ತು ಸ್ಪಾಗಳಂಥ ಜಾಗಗಳಲ್ಲಿ. ನಿಯಮ ಬಿಗಿಯಾಗಿರುವ ದೇಶದಲ್ಲೇ ಹೀಗೆ.

ಹಾಗಾಗಿ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಓದಿ. ಹೊರದೇಶದ್ದಾದರೆ ಭಾರತದಲ್ಲಿ ಆಮದು ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಡಬ್ಬಿಯ ಮೇಲೆ ಇರಬೇಕು. ಫೋಟೋ ತೆಗೆದುಕೊಳ್ಳಿ. ಬಿಲ್ ತೆಗೆದುಕೊಳ್ಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅನ್ನುವವರಿಂದ ದೂರ ಇರಿ. ಇನ್ನೊಂದು ಅಭ್ಯಾಸ ನಮ್ಮ ಕಡೆ ಶುರುವಾಗಿದೆ. ಇಬ್ಬರು ಗೆಳತಿಯರು ಸೇರಿ ಒಂದು ಸಿರಿಂಜ್ ಫಿಲ್ಲರನ್ನು ಅರ್ಧರ್ಧ ಹಂಚಿಕೊಳ್ಳುವುದು. ದಯವಿಟ್ಟು ಬೇಡ. ಸೂಜಿ ಬದಲಿಸಿದರೂ ಸಿರಿಂಜಿನೊಳಗೆ ಒಬ್ಬರ ರಕ್ತ ಸೇರಿರಬಹುದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ, ಸ್ವಂತ ರಕ್ತದಿಂದ ಮಾಡುವ ಪಿಆರ್‌ಪಿ ಫೇಶಿಯಲ್ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿತು. 2018ರಲ್ಲಿ ತನಿಖೆಗೆ ಹೋದವರಿಗೆ ಅಡುಗೆಮನೆಯ ಫ್ರಿಜ್ಜಿನಲ್ಲಿ ಊಟದ ಪಕ್ಕದಲ್ಲೇ ಹೆಸರು ಬರೆಯದ ರಕ್ತದ ಟ್ಯೂಬುಗಳು ಸಿಕ್ಕವು. ಪಿಆರ್‌ಪಿ ತಾನಾಗಿ ಕೆಟ್ಟದ್ದಲ್ಲ, ಆ ಕೈಗಳು ಕೆಟ್ಟವು. ಸೂಜಿ ಇಲ್ಲದೆ ಒತ್ತಡದಿಂದ ಫಿಲ್ಲರ್ ತೂರಿಸುವ ಪೆನ್ನುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವುಗಳ ಬಗ್ಗೆಯೂ 2021ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ.

ಚುಚ್ಚುವವರು ಯಾರು ಅನ್ನುವುದಕ್ಕೆ ನಮ್ಮ ದೇಶದಲ್ಲೂ ಮಾತಿದೆ. ಸೌಂದರ್ಯ ಚಿಕಿತ್ಸೆಗಳ ಬಗ್ಗೆ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ವರ್ಕ್‌ಶಾಪ್‌ನಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿದ್ದು ತರಬೇತಿ ಅನ್ನಿಸಿಕೊಳ್ಳುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಚರ್ಮದ ಎಂಡಿ ಮಾಡಿದವರು ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಡಾಕ್ಟರ ರಿಜಿಸ್ಟ್ರೇಷನ್ ಹುಡುಕಿ ನೋಡಬಹುದು. ಇದು ಅವಮಾನ ಮಾಡುವುದಲ್ಲ. ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ.

ಗ್ಲುಟಾಥಯೋನ್ ಡ್ರಿಪ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಅದನ್ನು ಚರ್ಮ ಎಳೆಯದಾಗುತ್ತೆ ಅಂತ ಮಾರುತ್ತಾರೆ, ಕೊಳ್ಳುವವರು ಮಗಳು ಬೆಳ್ಳಗಾಗಲಿ ಅಂತ ಕೊಳ್ಳುತ್ತಾರೆ. ಹುಡುಗಿ ನೋಡಲು ಬರುವ ದಿನಕ್ಕೆ ಮುಂಚೆ ತಾಯಂದಿರು ಬಂದು ಕೇಳಿದ್ದಾರೆ. ರಕ್ತನಾಳಕ್ಕೆ ನೇರ ಏರಿಸುವ ಈ ಔಷಧಿ ಚರ್ಮ ಬೆಳ್ಳಗೆ ಮಾಡುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಫಿಲಿಪೀನ್ಸ್ ದೇಶದ ಎಫ್‌ಡಿಎ 2011ರಲ್ಲೇ ಇದರ ವಿರುದ್ಧ ಎಚ್ಚರಿಸಿತು. ಲಿವರ್, ಕಿಡ್ನಿ, ನರಗಳಿಗೆ ತೊಂದರೆ, ಚರ್ಮ ಸುಲಿಯುವಂಥ ಭಯಂಕರ ಅಲರ್ಜಿ. ನಾನು ಆ ತಾಯಂದಿರಿಗೆ ಕೊಡುವುದಿಲ್ಲ. ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ ಅನ್ನುವುದೂ ನನಗೆ ಗೊತ್ತು. ಅದಕ್ಕೇ ಕೂರಿಸಿ ಮಾತಾಡುತ್ತೇನೆ. ಅವರ ಮಗಳ ಬಣ್ಣದಲ್ಲಿ ಯಾವ ಕಾಯಿಲೆಯೂ ಇಲ್ಲ.

ಸೂಜಿ ಬೇಡ ಅನ್ನುವವರಿಗೆ ನನ್ನ ಅಂಗಡಿಯಲ್ಲಿ ಒಂದು ಟ್ಯೂಬ್ ಇದೆ, ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನಾಂಬೂರ್ ಅನ್ನುವ ಊರಿನಲ್ಲಿ 55ರೊಳಗಿನ 900ಕ್ಕೂ ಹೆಚ್ಚು ಜನರ ಕೈ ಹಿಂಭಾಗದ ಚರ್ಮವನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮ ಮುದಿಯಾಗುವುದು 24 ಶೇಕಡಾ ಕಡಿಮೆ ಕಂಡಿತು. ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಕಂದು ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ, ಕಲೆ ಬೇಗ ಬರುತ್ತದೆ, ಹಾಗಾಗಿ ಬಿಸಿಲಿನಿಂದ ಕಾಪಾಡಿಕೊಳ್ಳುವುದು ನಮಗೂ ಬೇಕು. ಬೂಸ್ಟರ್ ಮಾಡಿಸಿಕೊಂಡವರಿಗಂತೂ ಇದು ಕಡ್ಡಾಯ. ಇನ್ನೊಂದು ಹಳೆಯ ಮದ್ದು ಟ್ರೆಟಿನಾಯಿನ್ ಕ್ರೀಮ್. ಬಿಸಿಲಿಗೆ ಬಾಡಿದ ಚರ್ಮಕ್ಕೆ ಅದರಿಂದ ಉಪಯೋಗವಿದೆ ಅಂತ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಜೊತೆಗಾರರು 1986ರಲ್ಲಿ ತೋರಿಸಿದರು. ಡಾಕ್ಟರ ಚೀಟಿ ಬೇಕು, ಬಸುರಿಯರಿಗೆ ಬೇಡ, ಫಲ ಕಾಣಲು ತಿಂಗಳುಗಳು ಬೇಕು.

ಮಾಟುಂಗಾದಲ್ಲಿರುವ ನನ್ನ ಅತ್ತಿಗೆಗೆ ಇದೆಲ್ಲ ಹೇಳಿದ ಮೇಲೂ ಬೂಸ್ಟರ್ ಬೇಕು ಅನ್ನಿಸಿತು. ಬೇಡ ಅನ್ನಲು ನಾನು ಯಾರು? ಅವರ ಮುಖ, ಅವರ ಸಂಬಳ. ಜೊತೆಗೆ ಬರುತ್ತೇನೆ ಅಂದೆ. ಚರ್ಮದ ಡಾಕ್ಟರ್ ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ. ಮಾತ್ರೆಗಳ ಪಟ್ಟಿ ಕೇಳಿದರು, ಹಲ್ಲಿನ ಚಿಕಿತ್ಸೆ ನಡೆಯುತ್ತಿದೆಯಾ ಕೇಳಿದರು. ನಡೆಯುತ್ತಿತ್ತು. ಬಾಯಿಯ ಸೋಂಕು ಹೋದ ಮೇಲೆ ಬನ್ನಿ ಅಂದರು. ಅತ್ತಿಗೆ ಕೇಳಿದ್ದರಲ್ಲಿ ಕಣ್ಣಿನ ಕೆಳಗಿನದಕ್ಕೆ ಒಪ್ಪಲಿಲ್ಲ. "ನಿಮಗೆ ಅಲ್ಲಿ ಇರುವುದು ಬಣ್ಣದ ತೊಂದರೆ, ಇದರಿಂದ ಹೋಗುವುದಿಲ್ಲ" ಅಂದರು. ಕೆನ್ನೆಗೆ ಮಾತ್ರ ಮಾಡಿದರು. ಹೈಲುರಾನಿಡೇಸ್ ಸೀಸೆಯನ್ನು ನಾನು ಕೇಳುವ ಮೊದಲೇ ಟ್ರೇಯಲ್ಲಿ ಇಟ್ಟಿದ್ದರು. ರಾತ್ರಿ ಫೋನ್ ಎತ್ತುವ ನಂಬರ್ ಬರೆದುಕೊಟ್ಟರು.

ವ್ಯತ್ಯಾಸ ಕಾಣುತ್ತಾ? ಕೆಲವು ವಾರಗಳ ಮೇಲೆ ಹತ್ತಿರದಿಂದ ನೋಡಿದರೆ ಕಾಣುತ್ತದೆ, ಕೆನ್ನೆ ನಯವಾಗಿದೆ. ಅಣ್ಣನಿಗೆ ಕಾಣಲಿಲ್ಲ. ಅತ್ತಿಗೆಗೆ ಖುಷಿಯಾಗಿದೆ, ಮತ್ತೆ ಮಾಡಿಸಬೇಕಾ ಅನ್ನುವುದನ್ನು ಇನ್ನೂ ಯೋಚಿಸುತ್ತಿದ್ದಾರೆ.

ಇನ್ನೊಂದು ನಂಬರ್ ಇಲ್ಲಿ ಬರೆದಿಡುತ್ತೇನೆ. ಔಷಧಿಯಿಂದ ತೊಂದರೆಯಾದರೆ ಯಾರು ಬೇಕಾದರೂ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಯೋಜನೆಗೆ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ಹೇಳಬಹುದು. ನಕಲಿ ಔಷಧಿ ಅನ್ನುವ ಅನುಮಾನ ಇದ್ದರೆ ನಮ್ಮ ರಾಜ್ಯದ ಔಷಧಿ ಇಲಾಖೆಯಾದ ಮಹಾರಾಷ್ಟ್ರ ಎಫ್‌ಡಿಎಗೆ ದೂರು ಕೊಡಬಹುದು. ಗುಟ್ಟಾಗಿ ಆದ ಗಾಯಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಆ ಪಾರ್ಲರ್ ಮರುವಾರವೂ ತೆರೆದೇ ಇತ್ತು.

ಅತ್ತಿಗೆ ಆ ದಿನ ಮನೆಗೆ ಬಂದವರೇ ಔಷಧಿ ಹೆಸರು, ಬ್ಯಾಚ್ ನಂಬರ್ ಇದ್ದ ಕಾರ್ಡಿನ ಫೋಟೋವನ್ನು ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕೆಳಗೆ ಬರೆದರು: "ಇವತ್ತು ಕೆನ್ನೆಗೆ ಇದನ್ನು ಹಾಕಿಸಿಕೊಂಡೆ. ರಾತ್ರಿ ನನಗೆ ನೋವು ಜಾಸ್ತಿಯಾದರೆ, ಬಣ್ಣ ಬದಲಾದರೆ ಈ ಡಾಕ್ಟರಿಗೆ ಫೋನ್ ಮಾಡಿ." ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ನಮ್ಮ ಅಮ್ಮ, ಅಂದರೆ ಅವರ ಅತ್ತೆ, ವಾಯ್ಸ್ ಮೆಸೇಜ್ ಕಳಿಸಿದರು. "ಊಟಕ್ಕೆ ಏನಾದ್ರೂ ಪಥ್ಯ ಇದೆಯೇನಮ್ಮಾ?"